ಹೆಬ್ಬಾಳದ ಹಕ್ಕಿ, ಯಲಹಂಕದ ರೆಕ್ಕೆ

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟವರಿಗೆ ಮೊದಲು ಹೆಬ್ಬಾಳದ ಕೆರೆ, ಅನಂತರ ಯಲಹಂಕದ ವಾಯುನೆಲೆ ಎದುರಾಗುತ್ತವೆ. ಒಂದರ ಮೇಲೆ ಹಕ್ಕಿಗಳು ಹಾರುತ್ತವೆ, ಇನ್ನೊಂದರ ಮೇಲೆ ವಿಮಾನಗಳು. ಹೊಸದಾಗಿ ಕ್ಯಾಮರಾ ಕೊಂಡ ಹವ್ಯಾಸಿಗೆ ಈ ಹಾದಿಯೇ ಒಂದು ಪಾಠಶಾಲೆ.

ಕ್ಯಾಮರಾದೊಳಕ್ಕೆ ಬೆಳಕು ಎಷ್ಟು ಹೊತ್ತು ಬರಬೇಕೆಂಬುದನ್ನು ಷಟರ್ ಎಂಬ ಬಾಗಿಲು ನಿರ್ಧರಿಸುತ್ತದೆ. ಎಷ್ಟು ಅಗಲದ ಕಿಂಡಿಯಿಂದ ಬರಬೇಕೆಂಬುದನ್ನು ಅಪರ್ಚರ್ ನಿರ್ಧರಿಸುತ್ತದೆ. ಒಂದೇ ಕೊಡವನ್ನು ದೊಡ್ಡ ನಲ್ಲಿಯಿಂದ ಬೇಗನೆ ತುಂಬಿಸಬಹುದು, ಸಣ್ಣ ನಲ್ಲಿಯಿಂದ ನಿಧಾನವಾಗಿಯೂ ತುಂಬಿಸಬಹುದು. ಕೊಡದ ಗಾತ್ರವೇ ಐಎಸ್‌ಒ ಸಂಖ್ಯೆ: ಸಂಖ್ಯೆ ಹೆಚ್ಚಿದಷ್ಟೂ ಕೊಡ ಚಿಕ್ಕದು, ಅಲ್ಪ ಬೆಳಕಿಗೇ ತುಂಬುತ್ತದೆ.

ಹೆಬ್ಬಾಳದ ಕೆರೆಯಲ್ಲಿ ಹೆಜ್ಜಾರ್ಲೆಗಳು ಕಾಣಸಿಗುತ್ತವೆ. ಬಿಸಿಲು ಚೆನ್ನಾಗಿ ಏರಿದ ಮೇಲೆ, ಸೂರ್ಯನನ್ನು ಬೆನ್ನ ಹಿಂದಿರಿಸಿಕೊಂಡು, ಐಎಸ್‌ಒ 100, ಎಫ್ 5.6, ಷಟರ್ ವೇಗ 1/1000 ಸೆಕೆಂಡ್ ಎಂದು ಇಟ್ಟರೆ, ಹಾರುವ ಹಕ್ಕಿಯ ಗರಿಗಳು ಒಂದೊಂದಾಗಿ ಮೂಡುತ್ತವೆ. 1/60 ಸೆಕೆಂಡಿನಲ್ಲಿ ಅದೇ ರೆಕ್ಕೆ ಮಸುಕಾದೀತು. ಈ ಗೆಲುವಿನಿಂದ ಹೊಸಬನು, ವೇಗ ಹೆಚ್ಚಿದಷ್ಟೂ ಚಿತ್ರ ಒಳ್ಳೆಯದೆಂದು ನಂಬಿಬಿಡುವುದು ಸಹಜ.

ಆ ನಂಬಿಕೆಯನ್ನು ಯಲಹಂಕ ಮುರಿಯುತ್ತದೆ. ಅಲ್ಲಿ 1996ರಿಂದ ಎರಡು ವರ್ಷಗಳಿಗೊಮ್ಮೆ ವೈಮಾನಿಕ ಪ್ರದರ್ಶನ ನಡೆದುಬಂದಿದೆ. ವಾಯುನೆಲೆಯಾದ್ದರಿಂದ ಪ್ರದರ್ಶನದ ದಿನಗಳಲ್ಲಿ, ಅನುಮತಿಯಿರುವ ಸ್ಥಳದಿಂದ ಮಾತ್ರವೇ ಚಿತ್ರ ತೆಗೆಯಬೇಕು. ಬೆಂಗಳೂರಿನಲ್ಲಿಯೇ ನಿರ್ಮಾಣವಾಗುವ ಧ್ರುವ್ ಹೆಲಿಕಾಪ್ಟರನ್ನು ಹಕ್ಕಿಗೆ ಇಟ್ಟ ವೇಗದಲ್ಲಿಯೇ ಸೆರೆಹಿಡಿದರೆ, ನಾಲ್ಕು ಅಲಗುಗಳೂ ಕಲ್ಲಿನಲ್ಲಿ ಕಡೆದಂತೆ ನಿಂತುಬಿಡುತ್ತವೆ. ಯಂತ್ರವು ಆಕಾಶದಲ್ಲಿ ದಾರಕ್ಕೆ ತೂಗುಬಿಟ್ಟ ಬೊಂಬೆಯಂತೆ ತೋರುತ್ತದೆ. ಲೆಕ್ಕ ಸುಲಭ: ಅಲಗುಗಳು ಸೆಕೆಂಡಿಗೆ ಸುಮಾರು 5 ಸುತ್ತು ಸುತ್ತುತ್ತವೆ. 1/1000 ಸೆಕೆಂಡಿನಲ್ಲಿ ಅವು ಸರಿಯುವುದು 2 ಡಿಗ್ರಿಗಿಂತಲೂ ಕಡಿಮೆ. 1/60 ಸೆಕೆಂಡಿನಲ್ಲಾದರೋ ಸುಮಾರು 30 ಡಿಗ್ರಿ. ಆದ್ದರಿಂದ ಇಲ್ಲಿ ವೇಗವನ್ನು 1/60ಕ್ಕೆ ಇಳಿಸಿ, ಕಿಂಡಿಯನ್ನು ಎಫ್ 22ಕ್ಕೆ ಕಿರಿದಾಗಿಸಿ, ಹೆಲಿಕಾಪ್ಟರಿನ ಓಟಕ್ಕೆ ಸರಿಯಾಗಿ ಕ್ಯಾಮರಾವನ್ನೂ ತಿರುಗಿಸುತ್ತ ಗುಂಡಿ ಒತ್ತಬೇಕು. ಒಳಬಂದ ಬೆಳಕು ಹೆಚ್ಚುಕಡಿಮೆ ಅಷ್ಟೇ. ಆದರೆ ಈಗ ಒಡಲು ಸ್ಪಷ್ಟವಾಗಿದ್ದು, ಅಲಗುಗಳು ಮಸುಕಾಗಿ, ಹಾರಾಟಕ್ಕೆ ಜೀವ ಬರುತ್ತದೆ. ಮಸುಕೂ ಕೆಲವೊಮ್ಮೆ ಸತ್ಯವನ್ನು ಹೇಳುತ್ತದೆ.

ಹಿಂದಿರುಗುವಾಗ ಕತ್ತಲಾದರೆ ಹೆಬ್ಬಾಳದ ಮೇಲ್ಸೇತುವೆ ಮೂರನೆಯ ಪಾಠ ಹೇಳುತ್ತದೆ. ವಾಹನಗಳಿಂದ ದೂರವಾದ ಸುರಕ್ಷಿತ ಎತ್ತರದಲ್ಲಿ ಮುಕ್ಕಾಲಿಯ ಮೇಲೆ ಕ್ಯಾಮರಾ ನಿಲ್ಲಿಸಿ, ಐಎಸ್‌ಒ 100, ಎಫ್ 11 ಇಟ್ಟು, ಷಟರನ್ನು 8 ಸೆಕೆಂಡು ತೆರೆದಿಟ್ಟು ನೋಡಬೇಕು. ಚಲಿಸುವ ಕಾರುಗಳೆಲ್ಲ ಮಾಯವಾಗಿ, ಬಿಳಿ ಮತ್ತು ಕೆಂಪು ಬೆಳಕಿನ ಎರಡು ಹೊಳೆಗಳು ಮಾತ್ರ ಉಳಿಯುತ್ತವೆ.

ಹಕ್ಕಿಗೊಂದು, ಯಂತ್ರಕ್ಕೊಂದು, ರಸ್ತೆಗೊಂದು ಅಳತೆ. ಕಾಲದ ಎಷ್ಟು ಭಾಗವನ್ನು ಉಳಿಸಿಕೊಳ್ಳಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಆಮೇಲೆ ಕ್ಯಾಮರಾದ ತಿರುಗಣೆಗೆ ಕೈಹಾಕುವುದು ಲೇಸು. 2017ರಲ್ಲಿ ನಿಧನರಾದ ಬೆಂಗಳೂರಿನ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರಿಗೆ ಫಿಲಂ ಸುರುಳಿಯನ್ನು ತೊಳೆಯುವವರೆಗೂ ಫಲ ತಿಳಿಯುತ್ತಿರಲಿಲ್ಲ. ಇಂದಿನವರು ತಪ್ಪನ್ನು ಅಲ್ಲಿಯೇ ಕಂಡು ತಿದ್ದಿಕೊಳ್ಳಬಲ್ಲರು. ಆದರೆ ಹೆಜ್ಜಾರ್ಲೆಯು ಮತ್ತೊಮ್ಮೆ ಅದೇ ದಾರಿಯಲ್ಲಿ ಹಾರಿಬರುವುದೆಂಬ ಭರವಸೆ ಮಾತ್ರ ಅಂದೂ ಇರಲಿಲ್ಲ, ಇಂದೂ ಇಲ್ಲ.