ಇಪ್ಪತ್ತು ರೂಪಾಯಿಯ ಟೆಸ್ಟರು

ಅಗ್ಗದ ಪದಾರ್ಥಗಳ ಮೇಲೆ ನಮಗೆ ಮೊದಲಿನಿಂದಲೂ ಒಂದು ಬಗೆಯ ಮೋಹ. ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ತಿಂಗಳ ಕೊನೆಯ ವಾರವೇ ಈ ಮೋಹವನ್ನು ಕಲಿಸಿಬಿಡುತ್ತದೆ. ಕೊಯಮತ್ತೂರಿನ ಬೀದಿಬದಿಯಲ್ಲಿ ಇಪ್ಪತ್ತು ರೂಪಾಯಿ ತೆತ್ತು ಒಂದು ಟೆಸ್ಟರನ್ನು ಕೊಂಡು, ಅದನ್ನು ಲೇಖನಿಯ ಪಕ್ಕದಲ್ಲೇ ಜೇಬಿಗೆ ಸಿಕ್ಕಿಸಿಕೊಂಡ ದಿನ ನಮಗೆ ನಾವೇ ಅರ್ಧ ಎಂಜಿನಿಯರಾಗಿ ಕಂಡೆವು.

ಈ ಸೀಮೆಗೆ ವಿದ್ಯುಚ್ಛಕ್ತಿ ಹೊಸದಲ್ಲ. 1932ರಲ್ಲಿ ನೀಲಗಿರಿಯ ಪೈಕಾರಾ ವಿದ್ಯುದಾಗಾರ ಆರಂಭವಾದ ಮೇಲೆ ಕೊಯಮತ್ತೂರಿನ ಗಿರಣಿಗಳೂ ಬಾವಿಗಳ ಪಂಪುಗಳೂ ಅದರ ಬಲದಿಂದಲೇ ಬೆಳೆದವು. ಇಂದು ಸೋಮನೂರು, ಪಲ್ಲಡಂ ಕಡೆಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಹಗಲಿರುಳೂ ಕೇಳುತ್ತದೆ. ಮನೆಯೊಳಗೆ ಕನ್ನಡವಾಡುವ ನಮ್ಮ ದೇವಾಂಗ ಬಂಧುಗಳಲ್ಲಿ ಮಗ್ಗದ ಕಸುಬಿನವರು ಹಲವರು. ಅವರಿಗೆ ಟೆಸ್ಟರು ಆಟದ ವಸ್ತುವಲ್ಲ.

ನಮ್ಮ ಶಾಲೆಯಲ್ಲಿ ಕೊಳವೆಬಾವಿಯ ನೀರು ಕಬ್ಬಿಣದ ಕೊಳಾಯಿಯಿಂದ ಬರುತ್ತಿತ್ತು. ಒಂದು ಮಳೆಗಾಲದ ದಿನ ಮೂರನೆಯ ತರಗತಿಯ ಹುಡುಗನೊಬ್ಬ ಬಂದು, "ಸಾರ್, ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ" ಎಂದ. ನಾವು ಗಂಭೀರವಾಗಿ ಎದ್ದುಹೋಗಿ ಟೆಸ್ಟರನ್ನು ನಲ್ಲಿಗೆ ಮುಟ್ಟಿಸಿದೆವು. ದೀಪ ಬೆಳಗಲಿಲ್ಲ. "ಏನೂ ಇಲ್ಲವಪ್ಪ, ನಿನ್ನ ಭ್ರಮೆ. ಹೋಗಿ ನೀರು ಕುಡಿ" ಎಂದೆವು. ಹುಡುಗ ಹಿಂಜರಿದ. ನಾವು ಗದರಿದೆವು. ಬರಿಗಾಲಿನಲ್ಲಿ, ಒದ್ದೆ ನೆಲದ ಮೇಲೆ ನಿಂತು ಅವನು ನಲ್ಲಿಯನ್ನು ಹಿಡಿದವನೇ ಕಿರುಚಿ ಹಿಂದಕ್ಕೆ ಬಿದ್ದ. ದೇವರ ದಯೆ, ಕೈ ಬಿಟ್ಟುಬಂದಿತ್ತು, ಪೆಟ್ಟೇನೂ ಆಗಲಿಲ್ಲ. ಆದರೆ ಆ ಕೂಗು ನಮ್ಮ ಕಿವಿಯಲ್ಲಿ ಇನ್ನೂ ಉಳಿದಿದೆ.

ಸಂಜೆ ಮಗ್ಗದ ಮನೆಗಳಲ್ಲಿ ಮೋಟಾರು ದುರಸ್ತಿ ಮಾಡುವ ಪರಿಚಿತರೊಬ್ಬರು ಬಂದು ನೋಡಿದರು. ಮೋಟಾರಿನೊಳಗಿನ ತಂತಿಯ ಹೊದಿಕೆ ಕೆಟ್ಟಿತ್ತು. ಭೂಮಿಗೆ ಸೇರಬೇಕಾದ ತಂತಿ ಕಡಿದಿತ್ತು. "ಮೇಷ್ಟ್ರೇ, ಟೆಸ್ಟರ್ ಉರಿಯದಿದ್ದರೆ ಕರೆಂಟ್ ಇಲ್ಲವೆಂದು ನಿಮಗೆ ಯಾರು ಹೇಳಿದರು?" ಎಂದು ಅವರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಅವರು ವಿವರಿಸಿದ್ದು ಇಷ್ಟು. ಟೆಸ್ಟರಿನೊಳಗೆ ಒಂದು ನಿಯಾನ್ ದೀಪ, ಅದರೊಡನೆ ಸುಮಾರು ಹತ್ತು ಲಕ್ಷ ಓಮ್‌ನ ಒಂದು ಪ್ರತಿರೋಧಕ. ವಿದ್ಯುತ್ತು ಇವೆರಡನ್ನೂ ದಾಟಿ, ನಮ್ಮ ಬೆರಳಿನಿಂದ ಮೈಯೊಳಗೆ ಹಾದು ನೆಲ ಸೇರುತ್ತದೆ. 230 ವೋಲ್ಟಿನ ತಂತಿಯನ್ನು ಮುಟ್ಟಿಸಿದರೂ ಹರಿಯುವುದು ಒಂದು ಮಿಲಿ ಆಂಪಿಯರಿನ ಸಣ್ಣ ಭಾಗ ಮಾತ್ರ. ಆದುದರಿಂದಲೇ ನಮಗೆ ತಿಳಿಯದು. ಆ ಪ್ರತಿರೋಧಕ ಕಳಪೆಯದಾದರೆ, ಇಲ್ಲವೆ ಒಳಗೆ ನೀರು ಸೇರಿದರೆ, ತಂತಿಗೂ ನಮಗೂ ನಡುವೆ ಕಾವಲೇ ಇಲ್ಲ. ಇನ್ನು ಒತ್ತಡ ಸುಮಾರು ಅರುವತ್ತು ವೋಲ್ಟಿಗಿಂತ ಕಡಿಮೆಯಾದರೆ ನಿಯಾನ್ ಬೆಳಗುವುದೇ ಇಲ್ಲ. ಒದ್ದೆ ಮೈಗೆ ಅಷ್ಟೇ ಅಪಾಯಕ್ಕೆ ಸಾಕು. ನಮ್ಮ ರಬ್ಬರ್ ಚಪ್ಪಲಿ ದೀಪವನ್ನು ಮಂಕಾಗಿಸುತ್ತದೆ. ಬಿಸಿಲು ಆ ಮಂಕು ಬೆಳಕನ್ನೂ ಮರೆಸುತ್ತದೆ.

ಹಾಗಾದರೆ ಅದನ್ನು ಎಸೆಯಬೇಕೆ? ಬೇಡ ಎಂದರು ಅವರು. ಮೊದಲು ವಿದ್ಯುತ್ತು ಇದೆಯೆಂದು ಗೊತ್ತಿರುವ ಪ್ಲಗ್ಗಿನಲ್ಲಿ ಟೆಸ್ಟರನ್ನು ಪರೀಕ್ಷಿಸಿ, ಆಮೇಲೆ ಬೇಕಾದೆಡೆ ಮುಟ್ಟಿಸಿ, ಮತ್ತೆ ಹಳೆಯ ಕಡೆಯೇ ನೋಡಬೇಕು. ಬೆಳಗಿದರೆ ನಂಬಿ ದೂರವಿರಬೇಕು. ಬೆಳಗದಿದ್ದರೆ ಅದನ್ನೇ ನಂಬಿ ಕೈಯಿಡಬಾರದು, ಮೇನ್ ಸ್ವಿಚ್ಚನ್ನು ತೆಗೆದು ಬಲ್ಲವರನ್ನು ಕರೆಯಬೇಕು. ಅಗ್ಗದ ಮಲ್ಟಿಮೀಟರಿಗೂ ಇದೇ ಎಚ್ಚರ ಬೇಕು. ತರಗತಿಯಲ್ಲಿ ಒಂದೂವರೆ ವೋಲ್ಟಿನ ಬ್ಯಾಟರಿಯನ್ನು ಅಳೆದು ತೋರಿಸಲು ಅದು ಬಲು ಉಪಯುಕ್ತ. ಆದರೆ ಆಂಪಿಯರಿನ ರಂಧ್ರದಲ್ಲಿ ಕಡ್ಡಿ ಸಿಕ್ಕಿಸಿ ಮನೆಯ ಪ್ಲಗ್ಗಿಗೆ ಮುಟ್ಟಿಸಿದರೆ ಅದು ಶಾರ್ಟ್ ಸರ್ಕ್ಯೂಟೇ ಸರಿ. ಅನೇಕ ಅಗ್ಗದ ಮೀಟರುಗಳಲ್ಲಿ ಅಲ್ಲಿ ಫ್ಯೂಸೂ ಇರುವುದಿಲ್ಲ.

ಶಾಲೆಯ ಮೋಟಾರು ದುರಸ್ತಿಯಾಯಿತು. 30 ಮಿಲಿ ಆಂಪಿಯರು ಸೋರಿದೊಡನೆ ವಿದ್ಯುತ್ತನ್ನು ತಾನೇ ಕಡಿಯುವ ಸ್ವಿಚ್ಚನ್ನೂ ಹಾಕಿಸಿದೆವು. ಅದರ ಬೆಲೆ ನಮ್ಮ ಟೆಸ್ಟರಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಕೊಡುವಾಗ ಚೌಕಾಸಿ ಮಾಡಲು ಮನಸ್ಸಾಗಲಿಲ್ಲ.

ಮರುದಿನ ತರಗತಿಯ ಎದುರಿನಲ್ಲೇ ಆ ಹುಡುಗನಲ್ಲಿ ತಪ್ಪೊಪ್ಪಿಕೊಂಡೆವು. ಅವನು ನಾಚಿ ತಲೆ ತಗ್ಗಿಸಿದ. ಮಗುವಿನ ಕೈ ನಿಜ ಹೇಳಿತ್ತು. ನಾವು ಇಪ್ಪತ್ತು ರೂಪಾಯಿಯ ಕಡ್ಡಿಯ ಮೌನವನ್ನು ನಂಬಿದ್ದೆವು. ಟೆಸ್ಟರು ಇಂದಿಗೂ ನಮ್ಮ ಮೇಜಿನ ಒಳಗಿದೆ. ಆದರೆ ಮಕ್ಕಳು "ಸಾರ್, ಜುಮ್ಮೆನ್ನುತ್ತದೆ" ಎಂದರೆ ಈಗ ನಾವು ಮೊದಲು ಓಡುವುದು ಮೇನ್ ಸ್ವಿಚ್ಚಿನ ಕಡೆಗೆ.