ದಿನಕ್ಕೆ ಆರು ಹನಿ

ಗಸಗಸೆ ಇಲ್ಲದ ಅಡುಗೆಮನೆ ನಮ್ಮ ಕಡೆ ಅಪರೂಪ. ಹಬ್ಬಕ್ಕೆ ಪಾಯಸ ಮಾಡುವವರಿಗೂ ಅದು ಬೇಕು, ಕುರ್ಮಾ ಮಾಡುವವರಿಗೂ ಬೇಕು. ಬಾಣಂತಿಗೆ ಕೊಡುವ ಹರೀರಾಕ್ಕೆ ಬಾದಾಮಿಯ ಜೊತೆ ಗಸಗಸೆ ಅರೆಯದಿದ್ದರೆ ಅಜ್ಜಿಯಂದಿರು ಒಪ್ಪುವುದಿಲ್ಲ. ಅದೇ ಗಸಗಸೆಯನ್ನು ದುಬೈಗೋ ಜಿದ್ದಾಕ್ಕೋ ಹೊರಟವರ ಪೆಟ್ಟಿಗೆಯಿಂದ ಮಾತ್ರ ಹುಡುಕಿ ಹುಡುಕಿ ಹೊರಗೆ ತೆಗೆಯುತ್ತಾರೆ. ಅಲ್ಲಿ ಅದಕ್ಕೆ ನಿಷೇಧವಿದೆ. ಕಾರಣ ಸರಳ: ಗಸಗಸೆ ಎಂದರೆ ಅಫೀಮಿನ ಗಿಡದ ಬೀಜ. ಹಸಿರು ಕಾಯಿಗೆ ಗೀರು ಹಾಕಿದರೆ ಒಸರುವ ಹಾಲು ಅಫೀಮು; ಅದೇ ಕಾಯಿ ಒಣಗಿದ ಮೇಲೆ ಒಡೆದರೆ ಉದುರುವುದು ಗಸಗಸೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಗಿ ಪಡೆದ ರೈತರು ಇದನ್ನು ಬೆಳೆಯುತ್ತಾರೆ. ಹಾಲು ಸರಕಾರಕ್ಕೆ, ಬೀಜ ಅಂಗಡಿಗೆ.

ಆ ಹಾಲಿನಲ್ಲಿರುವ ಮಾರ್ಫಿನ್ ನಮ್ಮ ಮನೆಯವರ ಬೆನ್ನುಹುರಿಯ ಸುತ್ತ ದಿನಕ್ಕೆ ಆರು ಹನಿಯ ಲೆಕ್ಕದಲ್ಲಿ ಇಳಿಯಲು ಶುರುವಾಗಿ ಆರು ವರ್ಷ ದಾಟಿತು. ಹೊಟ್ಟೆಯ ಬಲಭಾಗದಲ್ಲಿ ಚರ್ಮದ ಕೆಳಗೆ ಒಂದು ಡಬ್ಬಿ ಇದೆ. ಬೂಟ್ ಪಾಲಿಶ್ ಡಬ್ಬಿಯನ್ನು ನೋಡಿದವರಿಗೆ ಅದರ ಅಂದಾಜು ಸಿಗುತ್ತದೆ: ಎಂಟೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲ, ಎರಡು ಸೆಂಟಿಮೀಟರ್ ದಪ್ಪ, ಟೈಟಾನಿಯಂ ಲೋಹದ್ದು. ಒಳಗೆ ಬ್ಯಾಟರಿ, ಪುಟ್ಟ ಮೋಟಾರು, 20 ಮಿಲಿಲೀಟರ್ ಔಷಧ ಹಿಡಿಯುವ ಜಾಗ. ನಾಲ್ಕು ಟೀ ಚಮಚ, ಅಷ್ಟೇ. ಅಲ್ಲಿಂದ ಹೊರಟ ಒಂದು ತೆಳ್ಳನೆಯ ಕೊಳವೆ ಚರ್ಮದಡಿಯಲ್ಲೇ ಪಕ್ಕೆಯನ್ನು ಸುತ್ತಿ ಬೆನ್ನಿಗೆ ಹೋಗಿ, ಬೆನ್ನುಹುರಿಯನ್ನು ಆವರಿಸಿರುವ ನೀರಿನೊಳಗೆ ಕೊನೆಯಾಗುತ್ತದೆ.

ಇದನ್ನೆಲ್ಲ "ನಾವು" ಎಂದು ಬರೆಯುತ್ತಿರುವುದಕ್ಕೆ ಒಂದು ಮಾತು. ಡಾಕ್ಟರು ನೋವು ಹೇಗಿದೆ ಎಂದು ಕೇಳುವುದು ಅವರನ್ನು. ಉತ್ತರ ಹೇಳುವುದು ಇಬ್ಬರೂ. ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡಕ್ಕೆ ಬಂದವರಿಗೆ "ಹಮ್‌ದರ್ದ್" ಎಂಬ ಶಬ್ದ ಮೊದಲು ಸಿಕ್ಕಿದ್ದು ಶರಬತ್ತಿನ ಸೀಸೆಯ ಮೇಲೆ. ಒಂದೇ ನೋವಿನವರು ಎಂದು ಅದರ ಅರ್ಥ. ಮದುವೆಯಾಗಿ ಹಲವು ವರ್ಷಗಳ ನಂತರ ಅದು ಸೀಸೆಯಿಂದ ಇಳಿದು ನಮ್ಮ ಮನೆಗೆ ಬಂತು.

ಅವರು ಬಿದ್ದದ್ದು 2011ರಲ್ಲಿ. ಭದ್ರಾವತಿಯಲ್ಲಿ ಅವರದೊಂದು ಮರಗೆಲಸದ ಅಂಗಡಿ. ಬಾಗಿಲು, ಕಿಟಕಿ, ಮಂಚ. ಕೈಕೆಳಗೆ ನಾಲ್ವರು ಹುಡುಗರು. ಅಟ್ಟದ ಮೇಲೆ ಹಲಗೆ ಜೋಡಿಸುವಾಗ ಜಾರಿದರು. ಸೊಂಟಕ್ಕೆ ಆ ವರ್ಷವೇ ಒಂದು ಆಪರೇಶನ್, 2013ರಲ್ಲಿ ಇನ್ನೊಂದು. ಎರಡನೆಯದಾದ ಮೇಲೆ ಎಡಗಾಲಿನ ಹಿಂಬದಿಯಲ್ಲಿ, ತೊಡೆಯಿಂದ ಕಿರುಬೆರಳಿನ ತನಕ, ಕಾಯಿಸಿದ ತಂತಿ ಎಳೆದಂತೆ ಉರಿ ಶುರುವಾಯಿತು. ಕಾಗದದಲ್ಲಿ "ಫೇಲ್ಡ್ ಬ್ಯಾಕ್ ಸರ್ಜರಿ ಸಿಂಡ್ರೋಮ್" ಎಂದು ಬರೆದರು. ಫೇಲಾದದ್ದು ಬೆನ್ನೋ ಆಪರೇಶನ್ನೋ ಎಂದು ಮನೆಯವರು ಕೇಳಿದಾಗ ಡಾಕ್ಟರು ನಗಲಿಲ್ಲ. ಈಚಿನ ವರ್ಷಗಳಲ್ಲಿ ವೈದ್ಯರೇ ಆ ಹೆಸರನ್ನು ಕೈಬಿಡತೊಡಗಿದ್ದಾರೆ, "ಪರ್ಸಿಸ್ಟೆಂಟ್ ಸ್ಪೈನಲ್ ಪೇನ್" ಎನ್ನುತ್ತಿದ್ದಾರೆ. ಹೆಸರು ಮರ್ಯಾದೆಯದಾಯಿತು, ಉರಿ ಹಾಗೆಯೇ ಇದೆ.

ನೋವಿನ ಮೊದಲ ಕಷ್ಟ ಅದು ಕಾಣುವುದಿಲ್ಲ ಎಂಬುದು. ಮುರಿದ ಕೈಗೆ ಪಟ್ಟಿ ಇರುತ್ತದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಬೆನ್ನುನೋವಿನವನಿಗೆ ಇರುವುದು ಅವನ ಬಾಯಿ ಮಾತ್ರ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ಕೇಳುತ್ತಾರೆ. ಎಂಟು ಎಂದರೆ, ಎಂಟು ಇದ್ದವರು ಹೀಗೆ ಕೂತು ಮಾತಾಡುತ್ತಾರೆಯೇ ಎಂಬಂತೆ ನೋಡುತ್ತಾರೆ. ಆರು ಎಂದರೆ ಅದೇ ಮಾತ್ರೆ ಮುಂದುವರಿಸಿ ಎನ್ನುತ್ತಾರೆ. ಉರ್ದು ಗಝಲುಗಳಲ್ಲಿ "ದರ್ದ್" ಇಲ್ಲದ ಪುಟ ಸಿಗುವುದು ಕಷ್ಟ, ಕವಿಗಳು ಅದನ್ನು ಬೇಡಿ ಪಡೆಯುತ್ತಾರೆ. ಆದರೆ ಕಮೋಡಿನ ಮೇಲೆ ಕುಳಿತವರು ಏಳಲಾರದೆ ಹೆಂಡತಿಯನ್ನು ಕೂಗುವ ದರ್ದ್ ನಾವು ಓದಿದ ಯಾವ ಗಝಲಿನಲ್ಲೂ ಬರಲಿಲ್ಲ.

ಐದಾರು ವರ್ಷ ಮಾತ್ರೆಗಳು ಬದಲಾಗುತ್ತ ಹೋಗಿ, ಕೊನೆಗೆ ಬೆಂಗಳೂರಿನ ನೋವು ಚಿಕಿತ್ಸೆಯ ಡಾಕ್ಟರರೊಬ್ಬರು ಮಾರ್ಫಿನ್ ಮಾತ್ರೆಗೆ ತಂದು ನಿಲ್ಲಿಸಿದರು. ದಿನಕ್ಕೆ 90 ಮಿಲಿಗ್ರಾಂ. ನೋವು ಸ್ವಲ್ಪ ಬಗ್ಗಿತು, ಮನುಷ್ಯ ಅದಕ್ಕಿಂತ ಹೆಚ್ಚು ಬಗ್ಗಿದರು. ಮಧ್ಯಾಹ್ನವೂ ತೂಕಡಿಕೆ, ವಾರಕ್ಕೆರಡು ಸಲವೂ ಹೋಗದ ಹೊಟ್ಟೆ. ಅಳತೆ ಟೇಪಿನ ಗೆರೆಗಳು ಕಣ್ಣೆದುರು ತೇಲುತ್ತವೆ ಎನ್ನುತ್ತಿದ್ದರು. ನಮಾಜಿಗೆ ಕುರ್ಚಿ ಹಾಕಿಕೊಂಡು ಕೂತರೆ ಎಷ್ಟನೆಯ ರಕಾತ್ ಎಂಬುದೇ ಮರೆತುಹೋಗುತ್ತಿತ್ತು.

ಮೊಹಲ್ಲಾದಲ್ಲಿ ಇದಕ್ಕೊಂದು ಹೆಸರು ಹುಟ್ಟಿಕೊಂಡಿತು: ಅಫೀಮ್ಚಿ. ಎದುರಿಗೆ ಯಾರೂ ಹೇಳಲಿಲ್ಲ. ಮದುವೆಮನೆಯೊಂದರಲ್ಲಿ ಹೆಂಗಸರ ಕಡೆಯ ಪರದೆಯ ಹಿಂದೆ ನಮ್ಮ ಕಿವಿಗೆ ಬಿತ್ತು. ಅದೇ ತಟ್ಟೆಯಲ್ಲಿ ಗಸಗಸೆ ಅರೆದು ಮಾಡಿದ ಕುರ್ಮಾ ಇತ್ತು.

ಪಂಪಿನ ವಿಚಾರ ಡಾಕ್ಟರು ಎತ್ತಿದ್ದು ಆಗ. ಬಾಯಿಂದ ತೆಗೆದುಕೊಂಡ ಮಾರ್ಫಿನ್ ಕರುಳು, ಯಕೃತ್ತು, ರಕ್ತ ಎಂದು ಊರೆಲ್ಲ ಸುತ್ತಿ, ಕೆಲಸ ಮಾಡಬೇಕಾದ ಬೆನ್ನುಹುರಿಗೆ ತಲುಪುವುದು ಅತ್ಯಲ್ಪ. ಸುತ್ತಾಡುವ ಉಳಿದ ಭಾಗವೇ ತೂಕಡಿಕೆ ತರುವುದು, ಹೊಟ್ಟೆ ಕಟ್ಟಿಸುವುದು. ನೇರವಾಗಿ ಅಲ್ಲಿಗೇ ಬಿಟ್ಟರೆ ಬಹಳ ಕಡಿಮೆ ಸಾಕು: 300 ಮಿಲಿಗ್ರಾಂ ಮಾತ್ರೆಯ ಬದಲಿಗೆ ಒಂದು ಮಿಲಿಗ್ರಾಂ ಎಂಬುದು ವೈದ್ಯರು ಬಳಸುವ ಸ್ಥೂಲ ಲೆಕ್ಕ. ಅಫೀಮಿನ ಅಣುಗಳು ಹೋಗಿ ಕೂರುವ ಜಾಗಗಳು ನಮ್ಮ ನರಮಂಡಲದಲ್ಲೇ ಇವೆ ಎಂದು ವಿಜ್ಞಾನಿಗಳು ತೋರಿಸಿದ್ದು 1973ರಲ್ಲಿ. ಮನುಷ್ಯರ ಬೆನ್ನುಹುರಿಯ ದ್ರವಕ್ಕೆ ಮಾರ್ಫಿನ್ ಕೊಟ್ಟು ಕ್ಯಾನ್ಸರಿನ ನೋವು ತಗ್ಗಿದ ವರದಿ 1979ರದು. ಎಂಬತ್ತರ ದಶಕದಲ್ಲಿ ಪಂಪು ಬಂತು. ನಮ್ಮ ಮನೆಯವರ 90 ಮಿಲಿಗ್ರಾಂ ಹೀಗೆ 0.3 ಮಿಲಿಗ್ರಾಂ ಆಯಿತು.

ಕೂರಿಸುವ ಮೊದಲು ಪರೀಕ್ಷೆ ಇರುತ್ತದೆ. 2018ರ ಡಿಸೆಂಬರಿನಲ್ಲಿ ಬೆನ್ನಿಗೆ ತಾತ್ಕಾಲಿಕ ಕೊಳವೆ ಹಾಕಿ ಮೂರು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ನೋವು ಅರ್ಧಕ್ಕರ್ಧ ಇಳಿದರೆ ಮಾತ್ರ ಮುಂದಿನ ಮಾತು. ಈ ಔಷಧ ಹೆಚ್ಚಾದರೆ ಉಸಿರನ್ನೇ ನಿಧಾನಿಸುತ್ತದೆ, ಆದ್ದರಿಂದ ನರ್ಸು ಗಂಟೆಗೊಮ್ಮೆ ಬಂದು ನೋಡುತ್ತಿದ್ದರು. ಎರಡನೆಯ ರಾತ್ರಿ ಅವರು ಐದು ಗಂಟೆ ಒಂದೇ ಮಗ್ಗುಲಲ್ಲಿ ಮಲಗಿದರು. ಅತ್ತೆಯ ಜೊತೆ ಮಂಚದ ಪಕ್ಕ ಕೂತು ನಾವು ಉಸಿರು ಎಣಿಸಿದೆವು. ನಿಮಿಷಕ್ಕೆ ಹದಿನಾಲ್ಕು, ಹದಿಮೂರು, ಹದಿನಾಲ್ಕು. "ಏಳು ವರ್ಷದ ನಿದ್ದೆ ಬಾಕಿ ಇತ್ತಲ್ಲ, ತೀರಿಸಿಕೊಳ್ಳಲಿ" ಎಂದರು ಅತ್ತೆ. ಊರ ಹೊರಗಿನ ಸೈಟು ಮಾರಿದೆವು. ಜನವರಿಯಲ್ಲಿ ಪಂಪು ಕೂರಿಸಿದರು.

ಅದು ಬಂದ ಮೇಲೆ ನೋವು ಹೋಯಿತೇ ಎಂದು ಕೇಳದವರಿಲ್ಲ. ಹೋಗಲಿಲ್ಲ. ಎಂಟು ಇದ್ದದ್ದು ನಾಲ್ಕಾಯಿತು. ನಾಲ್ಕು ಎಂದರೆ ಸ್ಟೂಲಿನ ಮೇಲೆ ಮುಕ್ಕಾಲು ಗಂಟೆ ಕುಳಿತು ಮರಕ್ಕೆ ಪಾಲಿಶ್ ಕಾಗದ ಉಜ್ಜಬಹುದು. ಮಗಳ ಶಾಲೆಯ ಸಭೆಗೆ ಹೋಗಿ ಕೊನೆಯವರೆಗೆ ಇರಬಹುದು. ತೂಕಡಿಕೆ ಹೋಯಿತು. ಇದು ನಮಗೆ ಎಲ್ಲಕ್ಕಿಂತ ದೊಡ್ಡ ಸಂಗತಿ, ಯಾಕೆಂದರೆ ಜನ ಅಫೀಮು ಎಂದು ಹೆದರುವುದು ಮನುಷ್ಯನನ್ನು ಮಂಕು ಮಾಡುತ್ತದೆ ಎಂದು. ಇಲ್ಲಿ ಅದೇ ಅಫೀಮಿನ ಹನಿ ಮಂಕು ಬಿಡಿಸಿತು.

ಹಾಗಿದ್ದೂ ಮನೆಯವರ ಅಣ್ಣನಿಗೆ ಸಮಾಧಾನವಿರಲಿಲ್ಲ. ದೇಹದೊಳಗೇ ನಶೆಯ ಡಬ್ಬಿ ಇಟ್ಟುಕೊಂಡು ನಮಾಜು ಹೇಗೆ ಕೂಡುತ್ತದೆ ಎಂದು ಅವರ ಪ್ರಶ್ನೆ. ಎಲ್ಲರೂ ಸೇರಿ ಮಸೀದಿಯ ಮೌಲಾನಾರಲ್ಲಿಗೆ ಹೋದೆವು. ಅವರು ಕೇಳಿದ್ದು ಒಂದೇ: "ರಕಾತ್ ಲೆಕ್ಕ ತಪ್ಪುತ್ತದೆಯೇ?" ಮಾತ್ರೆ ತಿನ್ನುವಾಗ ತಪ್ಪುತ್ತಿತ್ತು, ಈಗ ತಪ್ಪುವುದಿಲ್ಲ ಎಂದರು ಮನೆಯವರು. "ಹಾಗಾದರೆ ನನ್ನನ್ನು ಯಾಕೆ ಕೇಳುತ್ತೀರಿ?" ಎಂದು ಮೌಲಾನಾ ಚಹಾ ತರಿಸಿದರು. ಭಾಯಿಜಾನ್ ಚಹಾ ಕುಡಿದರು, ಒಪ್ಪಿದರು ಎಂದು ಹೇಳಲಾರೆವು.

ಅವರೊಬ್ಬರದೇ ಹೆದರಿಕೆಯಲ್ಲ ಇದು. ಮಾರ್ಫಿನ್ 1977ರಿಂದಲೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅದರ ಮೂಲವಾದ ಅಫೀಮನ್ನು ಬೆಳೆದು ರಫ್ತು ಮಾಡುವ ನಮ್ಮದೇ ದೇಶದಲ್ಲಿ, 1985ರ ಮಾದಕ ವಸ್ತು ಕಾಯಿದೆಯ ನಂತರ ಒಂದು ಸೀಸೆ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳು ಹಲವು ಲೈಸೆನ್ಸುಗಳಿಗೆ ಅಲೆಯಬೇಕಾಯಿತು. ತಪ್ಪಿದರೆ ಜೈಲು. ಬೇಡವೇ ಬೇಡ ಎಂದು ಬಹಳ ಮಂದಿ ಕೈಬಿಟ್ಟರು. ಕ್ಯಾನ್ಸರಿನ ರೋಗಿಗಳು ಕಿರುಚುತ್ತ ಸತ್ತರು. ಕೇರಳದಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ನೋವು ಉಪಶಮನದ ಕೆಲಸ ಶುರುಮಾಡಿ, ಕಾನೂನು ಬದಲಿಸಲು ವರ್ಷಗಟ್ಟಲೆ ಬಡಿದಾಡಿದರು. 2014ರ ತಿದ್ದುಪಡಿಯಿಂದ ದಾರಿ ಸ್ವಲ್ಪ ಸಡಿಲವಾಯಿತು. ಇನ್ನೊಂದು ಕಡೆ ಅಮೆರಿಕದಲ್ಲಿ ಇದೇ ಬಗೆಯ ಮಾತ್ರೆಗಳನ್ನು ಕಂಡಕಂಡವರಿಗೆ ಹಂಚಿ ಲಕ್ಷಾಂತರ ಜನ ಸತ್ತದ್ದೂ ನಿಜ. ಹಾಗಾಗಿ ಹೆದರುವವರನ್ನು ನಾವು ಮೂರ್ಖರು ಎನ್ನುವುದಿಲ್ಲ. ದೇಹಕ್ಕೆ ಔಷಧ ಅಭ್ಯಾಸವಾಗುವುದು ಬೇರೆ, ಮನಸ್ಸು ಅದರ ಹಿಂದೆ ಓಡುವುದು ಬೇರೆ ಎಂಬುದನ್ನು ಮಾತ್ರ ಸಿಕ್ಕಿದವರಿಗೆಲ್ಲ ಹೇಳುತ್ತೇವೆ. ನಮ್ಮ ಮನೆಯವರ ದೇಹಕ್ಕೆ ಅಭ್ಯಾಸವಾಗಿದೆ. ಡಬ್ಬಿ ಬರಿದಾದರೆ ನಡುಕ, ಬೆವರು, ಭೇದಿ, ಅದರ ಮೇಲೆ ಹಳೆಯ ಉರಿ.

ಆದ್ದರಿಂದ ಬದುಕು ದಿನಾಂಕಗಳ ಮೇಲೆ ನಡೆಯುತ್ತದೆ. ಮೊದಲು ಎಂಟು ವಾರಕ್ಕೊಮ್ಮೆ, ಡೋಸು ಸ್ವಲ್ಪ ಏರಿದ ಮೇಲೆ ಈಗ ಆರು ವಾರಕ್ಕೊಮ್ಮೆ, ಬೆಳಗಿನ ರೈಲಿಗೆ ಬೆಂಗಳೂರು. ಡಾಕ್ಟರು ಹೊಟ್ಟೆಯ ಮೇಲೆ ಅಚ್ಚು ಇಟ್ಟು ಜಾಗ ಗುರುತಿಸಿ ಸೂಜಿ ಚುಚ್ಚಿ ಉಳಿದ ಔಷಧವನ್ನು ಹೊರಗೆಳೆಯುತ್ತಾರೆ. ಯಂತ್ರ ಹೇಳಿದ ಲೆಕ್ಕಕ್ಕೂ ಸಿರಿಂಜಿನಲ್ಲಿ ಬಂದ ಲೆಕ್ಕಕ್ಕೂ ತಾಳೆಯಾಗಬೇಕು. ಆಮೇಲೆ ಹೊಸದನ್ನು ತುಂಬುವುದು. ಸೂಜಿ ಜಾಗ ತಪ್ಪಿ ಔಷಧ ಚರ್ಮದಡಿಗೆ ಹೋದರೆ ಪ್ರಾಣಕ್ಕೇ ಅಪಾಯ. ಅದಕ್ಕೆ ಮುಗಿದ ಮೇಲೂ ಕೂರಿಸಿಕೊಂಡು ನೋಡುತ್ತಾರೆ. ಹೊರಡುವಾಗ ಕೈಗೆ ಒಂದು ಚೀಟಿ: ಇಂಥ ದಿನದೊಳಗೆ ಬರದಿದ್ದರೆ ಪಂಪು ಕೂಗುತ್ತದೆ.

2020ರ ಚೀಟಿಯಲ್ಲಿ ಮೇ 2 ಎಂದಿತ್ತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತ್ತು. ಪಾಸಿಗಾಗಿ ಠಾಣೆಗೆ ಮೂರು ಸಲ ಹೋದೆವು. ಆ ದಿನಗಳಲ್ಲಿ ನಮ್ಮ ಹೆಸರುಗಳನ್ನು ಜನ ಎರಡೆರಡು ಸಲ ಓದುತ್ತಿದ್ದರು. ಏಪ್ರಿಲ್ 29ರಂದು, ರಂಜಾನಿನ ಮೊದಲ ವಾರದಲ್ಲಿ, ನೆರೆಯ ನಾಗರಾಜಣ್ಣ ತಮ್ಮ ಓಮ್ನಿ ತೆಗೆದರು. ತುಮಕೂರಿನ ಹತ್ತಿರ ತಡೆದ ಪೊಲೀಸ್ ಪೇದೆ ಏನು ತುರ್ತು ಎಂದು ಕೇಳಿದರು. ಮನೆಯವರು ಅಂಗಿ ಎತ್ತಿ ಹೊಟ್ಟೆಯ ಉಬ್ಬು ತೋರಿಸಿ, "ಇದಕ್ಕೆ ಪೆಟ್ರೋಲ್ ಹಾಕಿಸಬೇಕು ಸಾರ್" ಎಂದರು. ಆ ಪೇದೆ ಕಾರ್ಡನ್ನು ಪೂರ್ತಿ ಓದಿದರು. ಆಮೇಲೆ ತಾವೇ ಬ್ಯಾರಿಕೇಡ್ ಸರಿಸಿ, ತಮ್ಮ ತಾಯಿಗೂ ಮಂಡಿನೋವು, ಅವರಿಗೂ ಇಂಥದ್ದು ಕೂರಿಸಬಹುದೇ ಎಂದು ಕಿಟಕಿಯ ಬಳಿ ಬಗ್ಗಿ ಕೇಳಿದರು. ಮಂಡಿಗೆ ಇದು ಸಲ್ಲುವುದಿಲ್ಲ ಎಂದು ಹೇಳಬೇಕಾಯಿತು.

ನಿಜಕ್ಕೂ ಇದು ಹೆಚ್ಚಿನವರಿಗೆ ಸಲ್ಲುವುದಿಲ್ಲ. ಬೇರೆಲ್ಲ ಮುಗಿದ ಮೇಲಿನ ಮಾತು ಇದು. ಕೊಳವೆಯ ತುದಿಯಲ್ಲಿ ಗಂಟು ಬೆಳೆಯಬಹುದು, ಸೋಂಕು ತಗಲಬಹುದು. ಎಂಆರ್‌ಐ ಯಂತ್ರದೊಳಗೆ ಮಲಗಿದರೆ ಮೋಟಾರು ನಿಂತು ಆಮೇಲೆ ಮತ್ತೆ ಹೊರಡಬೇಕು, ಹೊರಟಿದೆಯೋ ಎಂದು ಪರೀಕ್ಷಿಸಬೇಕು. ಪಾದಗಳು ಊದಿಕೊಳ್ಳುತ್ತವೆ. ಗಂಡಸರ ಹಾರ್ಮೋನು ಇಳಿಯುತ್ತದೆ, ಅದರ ಜೊತೆ ಆಸೆಯೂ ಇಳಿಯುತ್ತದೆ. ಈ ಕೊನೆಯ ಸಂಗತಿಯನ್ನು ಕೂರಿಸುವ ಮೊದಲು ಡಾಕ್ಟರು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದರು. ಪತ್ರಿಕೆಯಲ್ಲಿ ಬರೆಯಬೇಕೋ ಬೇಡವೋ ಎಂದು ನಾವಿಬ್ಬರೂ ಕೂತು ಮಾತಾಡಿದೆವು. "ಬರೆ" ಎಂದರು. "ನನ್ನಂಥವನು ಇನ್ನೊಬ್ಬ ಇದ್ದರೆ, ತನ್ನದೇ ತಪ್ಪು ಎಂದುಕೊಂಡಿರುತ್ತಾನೆ." ರಕ್ತಪರೀಕ್ಷೆ ಇದೆ, ಚಿಕಿತ್ಸೆಯೂ ಇದೆ, ಬಾಯಿಬಿಟ್ಟು ಕೇಳಬೇಕು.

ಈಗಿನ ವಿಷಯ ಬ್ಯಾಟರಿಯದು. ಅದು ಹೆಚ್ಚೆಂದರೆ ಏಳು ವರ್ಷ. ಕಳೆದ ಸಲ ಔಷಧ ತುಂಬಿಸಲು ಹೋದಾಗ ಪರದೆಯ ಮೇಲೆ ಎಂಟು ತಿಂಗಳು ಉಳಿದಿದೆ ಎಂದು ಬಂತು. ಬ್ಯಾಟರಿ ಮಾತ್ರ ಬದಲಿಸಲಾಗುವುದಿಲ್ಲ, ಡಬ್ಬಿಯನ್ನೇ ತೆಗೆದು ಹೊಸದು ಕೂರಿಸಬೇಕು. ಮತ್ತೆ ಅಷ್ಟೇ ಲಕ್ಷಗಳು. ಮಾರಲು ಇನ್ನೊಂದು ಸೈಟಿಲ್ಲ. ಮಗಳು ಈ ವರ್ಷ ಕಾಲೇಜು ಸೇರಿದ್ದಾಳೆ. ತೆಗೆಸಿಬಿಡಿ, ಮಾತ್ರೆಗೇ ಮರಳಿ ಎನ್ನುತ್ತಾರೆ ಭಾಯಿಜಾನ್. ಸಾಲ ಮಾಡೋಣ ಎನ್ನುತ್ತಾರೆ ಅತ್ತೆ. ನಿಧಾನವಾಗಿ ಡೋಸು ಇಳಿಸಿ ನಿಲ್ಲಿಸುವುದೂ ಸಾಧ್ಯ ಎಂದು ಡಾಕ್ಟರು ಹೇಳಿದ್ದಾರೆ, ಆದರೆ ಮೂರು ತಿಂಗಳಲ್ಲಿ ತೀರ್ಮಾನ ತಿಳಿಸಬೇಕು.

ಅಂಗಡಿಯ ಅಟ್ಟದಲ್ಲಿ ಹಳೆಯ ತೇಗದ ಹಲಗೆಗಳಿವೆ, ಒಳ್ಳೆಯ ಮಾಲು, ಬಿದ್ದ ವರ್ಷ ಕೊಂಡದ್ದು. ಅದನ್ನು ಮಾರೋಣ ಎಂದಿದ್ದಾರೆ ಮನೆಯವರು. ಅರ್ಧ ಖರ್ಚಿಗೂ ಆಗುವುದಿಲ್ಲ ಎಂಬುದು ಅವರಿಗೂ ಗೊತ್ತು. ಮಾರುವ ಮೊದಲು ಮಗಳಿಗೊಂದು ಓದುವ ಮೇಜು ಆಗಬೇಕು ಎಂದು ಮೊನ್ನೆ ನಾಲ್ಕು ಹಲಗೆ ಕೆಳಗಿಳಿಸಿದರು. ನಿನ್ನೆ ಎರಡಕ್ಕೆ ತಾವೇ ಕೀಸುಳಿ ಹಾಕಿದರು. ಮೂರನೆಯದಕ್ಕೆ ಹುಡುಗನನ್ನು ಕರೆದರು.