ಆಟಕ್ಕುಂಟು, ಲೆಕ್ಕಕ್ಕಿಲ್ಲ

ಐಬಿಎಂನವರ 2003ರ ಝಡ್990 ಮೇನ್‌ಫ್ರೇಮಿಗೆ ಹಾಕಬಹುದಾಗಿದ್ದ ಮೆಮೊರಿ ಹೆಚ್ಚೆಂದರೆ 256 ಜಿಬಿ. 2019ರ ಝಡ್15ರಲ್ಲಿ ಯಂತ್ರ ತನಗೆಂದೇ ಎತ್ತಿಟ್ಟುಕೊಳ್ಳುವ ಮೆಮೊರಿಯೇ 256 ಜಿಬಿ! ಈ ಜಾಗದ ಪೂರ್ತಿ ಹೆಸರು ಹಾರ್ಡ್‌ವೇರ್ ಸಿಸ್ಟಮ್ ಏರಿಯಾ. ಮೇನ್‌ಫ್ರೇಮಿನವರ ಬಾಯಲ್ಲಿ ಎಚ್‌ಎಸ್‌ಎ. ಆಪರೇಟಿಂಗ್ ಸಿಸ್ಟಮ್ ಅದನ್ನು ಓದುವಂತಿಲ್ಲ, ಬರೆಯುವಂತಿಲ್ಲ. ಅಲ್ಲಿಗೆ ತಲುಪುವ ವಿಳಾಸವನ್ನೇ ಅದಕ್ಕೆ ಕೊಟ್ಟಿಲ್ಲ.

*

ಒಳಗೆ ಏನಿದೆ ಅಂತ ಕೇಳಿದರೆ ಮೊದಲ ಉತ್ತರ: ಸಲಕರಣೆಗಳ ಪಟ್ಟಿ. ಯಾವ ಡಿಸ್ಕ್, ಯಾವ ಟೇಪ್, ಯಾವ ಚಾನೆಲ್ ಮೂಲಕ ಸಿಗುತ್ತದೆ ಎಂಬ ವಿವರವೆಲ್ಲ ಪವರ್-ಆನ್ ರೀಸೆಟ್ ಆದಾಗ ಐಒಸಿಡಿಎಸ್ ಎಂಬ ಕಡತದಿಂದ ಇಲ್ಲಿಗೆ ಇಳಿಯುತ್ತದೆ. ಪಟ್ಟಿಯೊಂದಕ್ಕೆ ಇಷ್ಟು ಜಾಗ ಯಾಕೆ?

ಗುಣಾಕಾರದಿಂದ. ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ನಡೆಸಲು ಎಲ್‌ಪಾರ್‌ಗಳಾಗಿ ಹೋಳು ಮಾಡುತ್ತಾರೆ. ಒಂದು ಡಿಸ್ಕನ್ನು ಹದಿನೈದು ಎಲ್‌ಪಾರ್‌ಗಳು ಹಂಚಿಕೊಂಡರೆ ಅದೊಂದಕ್ಕೇ ಹದಿನೈದು ಸಬ್‌ಚಾನೆಲ್ ದಾಖಲೆ ಬೇಕು. 2008ರ ಝಡ್10 ಇಸಿಯ ಮಿತಿಗಳನ್ನು ಹಿಡಿದು ಲೆಕ್ಕ ಹಾಕಿದೆ: ಮೊದಲ ಸಬ್‌ಚಾನೆಲ್ ಸೆಟ್‌ನಲ್ಲಿ 65,280 ಸಾಧನ, ಎರಡನೆಯದರಲ್ಲಿ 65,535, ಎಲ್‌ಪಾರ್ 60. ದಾಖಲೆಗಳು 78 ಲಕ್ಷ ದಾಟುತ್ತವೆ. ಇಷ್ಟನ್ನೂ ತುಂಬಿಸುವ ಗಿರಾಕಿ ಎಲ್ಲಿದ್ದಾನೋ ಕಾಣೆ.

*

2008ಕ್ಕೆ ಮುಂಚೆ ಈ ಜಾಗ ಗಿರಾಕಿ ಕೊಂಡ ಮೆಮೊರಿಯಿಂದಲೇ ಕಡಿತವಾಗುತ್ತಿತ್ತು. ಎಷ್ಟು ಕಡಿತ ಅನ್ನುವುದು ಎಷ್ಟು ಎಲ್‌ಪಾರ್, ಎಷ್ಟು ಸಾಧನ ಎಂಬುದರ ಮೇಲೆ. ಮುಂಚಿತವಾಗಿ ಅಂದಾಜು ಮಾಡಿಕೊಳ್ಳಲು ಐಬಿಎಂ ಒಂದು ಎಸ್ಟಿಮೇಟರನ್ನೂ ಕೊಟ್ಟಿತ್ತು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ‘ಎಕ್ಸ್‌ಪ್ಯಾನ್ಶನ್’ ಎಂಬ ಶೇಕಡಾವಾರು. ಮುಂದೆ ಹೊಸ ಡಿಸ್ಕುಗಳು ಬಂದಾವು, ಅವುಗಳಿಗೆಂದು ಎಚ್‌ಎಸ್‌ಎಯಲ್ಲಿ ಎಷ್ಟು ಖಾಲಿ ಬಿಡಬೇಕು ಎಂದು ಸಿಸ್ಟಮ್ಸ್ ವಿಭಾಗದ ಮನುಷ್ಯ ಮೊದಲೇ ಹೇಳಬೇಕಿತ್ತು. ಜಾಸ್ತಿ ಹೇಳಿದನೋ, ದುಡ್ಡು ಕೊಟ್ಟ ಮೆಮೊರಿ ಸುಮ್ಮನೆ ಬಿದ್ದಿರುತ್ತದೆ. ಕಡಿಮೆ ಹೇಳಿದನೋ, ಜಾಗ ತೀರಿದ ದಿನ ಪವರ್-ಆನ್ ರೀಸೆಟ್. ಅಂದರೆ ಎಲ್ಲ ಎಲ್‌ಪಾರ್‌ಗಳೂ ಒಟ್ಟಿಗೆ ನಿಲ್ಲಬೇಕು. ಲಕ್ಷಾಂತರ ವ್ಯವಹಾರಗಳ ಯಂತ್ರ ನಿಲ್ಲುವುದೋ ಓಡುವುದೋ ಎಂಬುದು ಯಾರೋ ಒಬ್ಬರು ಎಂದೋ ಒಂದು ಚೌಕದಲ್ಲಿ ತುಂಬಿದ ಅಂಕಿಯ ಮೇಲೆ. ಈ ಅಂಕಿಯನ್ನು ಅವರು ಯಾವ ಧೈರ್ಯದ ಮೇಲೆ ತುಂಬುತ್ತಿದ್ದರು?

*

ಝಡ್10 ಬಂದಾಗ ಇದೆಲ್ಲ ಮುಗಿಯಿತು. ಇಸಿ ಮಾದರಿಯಲ್ಲಿ ಎಚ್‌ಎಸ್‌ಎ 16 ಜಿಬಿ ಎಂದು ನಿಗದಿ ಮಾಡಿ, ಗಿರಾಕಿಯ ಮೆಮೊರಿಯಿಂದ ಬೇರೆ ಇಟ್ಟರು. ಗರಿಷ್ಠ ಎಷ್ಟು ಬೇಕಾದೀತೋ ಅಷ್ಟನ್ನೂ ಮೊದಲೇ ಕಾದಿರಿಸಿದರು. ಗಾದೆ ಈಗ ಸರಿಯಾಗಿ ಕೂತಿತು.

ಇದನ್ನು ಉದಾರತೆ ಅನ್ನಲು ಮನಸ್ಸಾಗುವುದಿಲ್ಲ. ಯಂತ್ರದ ಬೆಲೆಯಲ್ಲಿ ಎಲ್ಲೋ ಅದು ಸೇರಿಯೇ ಇರುತ್ತದೆ. ಆದರೂ ಜಾಣತನ. ಮೆಮೊರಿ ವ್ಯರ್ಥವಾದರೆ ಆಗಲಿ, ಯಂತ್ರ ನಿಲ್ಲಬಾರದು ಎಂದು ತೀರ್ಮಾನಿಸಿದಂತಿದೆ. ಅದೇ ವರ್ಷ ಬಂದ ಅದರ ತಮ್ಮ ಝಡ್10 ಬಿಸಿಯಲ್ಲಂತೂ ಇದು ತಮಾಷೆಯಾಗಿದೆ: ಗಿರಾಕಿ ಕನಿಷ್ಠ 4 ಜಿಬಿ ಕೊಂಡರೆ ಸಾಕು, ಎಚ್‌ಎಸ್‌ಎ ಮಾತ್ರ 8 ಜಿಬಿ. ಹಜಾರದ ಎರಡರಷ್ಟು ಉಗ್ರಾಣವಿರುವ ಮನೆ.

*

ಹಾರ್ಡ್‌ವೇರಿನ ಜಾಗ ಎನ್ನುತ್ತಾರಲ್ಲ, ಅಲ್ಲಿರುವುದರಲ್ಲಿ ಒಂದು ಪಾಲು ಕೋಡ್. ಎಲ್‌ಪಾರ್‌ಗಳನ್ನು ಆಳುವ ಪಿಆರ್/ಎಸ್‌ಎಂ ಇಲ್ಲಿದೆ. ಮಿಲಿಕೋಡ್ ಕೂಡ ಇಲ್ಲಿದೆ. ಸರಳ ಇನ್‌ಸ್ಟ್ರಕ್ಷನ್‌ಗಳನ್ನು ಪ್ರೊಸೆಸರ್ ನೇರವಾಗಿ ಮಾಡುತ್ತದೆ. ಜಟಿಲವಾದದ್ದು ಎದುರಾದರೆ ಸದ್ದಿಲ್ಲದೆ ಎಚ್‌ಎಸ್‌ಎ ಒಳಗಿನ ಮಿಲಿಕೋಡಿಗೆ ಹೊರಳುತ್ತದೆ, ಅದನ್ನು ಓಡಿಸಿ ಮರಳುತ್ತದೆ. ಪ್ರೋಗ್ರಾಮಿಗೆ ಒಂದೇ ಒಂದು ಇನ್‌ಸ್ಟ್ರಕ್ಷನ್ ನಡೆದ ಹಾಗೆ. ಮಿಲಿಕೋಡ್ ಬರೆಯುವುದಾದರೂ ಯಾವುದರಲ್ಲಿ? ಬಹುಪಾಲು ಅದೇ ಯಂತ್ರದ ಸರಳ ಇನ್‌ಸ್ಟ್ರಕ್ಷನ್‌ಗಳಲ್ಲಿ! ಹಾಗಾದರೆ ಹಾರ್ಡ್‌ವೇರ್ ಎಲ್ಲಿ ಮುಗಿಯಿತು, ಸಾಫ್ಟ್‌ವೇರ್ ಎಲ್ಲಿ ಶುರುವಾಯಿತು?

*

ಕಾಣದ ಮೆಮೊರಿ ಎಚ್‌ಎಸ್‌ಎ ಒಂದೇ ಅಲ್ಲ. 2010ರ ಝಡ್196ರಿಂದ ರೇಮ್ ಎಂಬ ಏರ್ಪಾಡು ಬಂತು: ನಾಲ್ಕು ಮೆಮೊರಿ ಚಾನೆಲ್‌ಗಳಷ್ಟು ದತ್ತಾಂಶ, ಅದನ್ನು ಕಾಯಲು ಐದನೆಯದು. ಇದರ ಮೇಲೆ, ಯಂತ್ರದೊಳಗೆ ಕೂತಿದ್ದರೂ ದುಡ್ಡು ಕಟ್ಟುವವರೆಗೆ ತೆರೆಯದ ಮೆಮೊರಿ ಬೇರೆ.

*

ಕೊನೆಗೆ ಎಚ್‌ಎಸ್‌ಎ ಬೆಳೆದ ಬಗೆ. ಝಡ್13ರಲ್ಲಿ 96 ಜಿಬಿ, ಝಡ್14ರಲ್ಲಿ 192, ಝಡ್15ರಲ್ಲಿ 256, ಝಡ್16ರಲ್ಲೂ 256. ಎಲ್‌ಪಾರ್‌ಗಳು ಹೆಚ್ಚಿದವೇ? ಇಲ್ಲ, ನಾಲ್ಕರಲ್ಲೂ 85. ಗರಿಷ್ಠ ಮೆಮೊರಿ ನೋಡಿದೆ: 10 ಟಿಬಿ, 32, 40, 40. ಓಹೋ, ಜೊತೆಜೊತೆಗೇ ಹೋಗುತ್ತಿವೆ, ಗುಟ್ಟು ಸಿಕ್ಕಿತು ಅಂದುಕೊಳ್ಳುವಷ್ಟರಲ್ಲಿ ಹಿಂದಿನ ಎರಡು ಯಂತ್ರಗಳು ಅಡ್ಡ ಬಂದವು. ಝಡ್196, ಝಡ್ಇಸಿ12: ಎರಡಕ್ಕೂ ಗರಿಷ್ಠ 3 ಟಿಬಿ, ಎರಡರಲ್ಲೂ 60 ಎಲ್‌ಪಾರ್. ಎಚ್‌ಎಸ್‌ಎ ಮಾತ್ರ ಮೊದಲನೆಯದರಲ್ಲಿ 16 ಜಿಬಿ, ಎರಡನೆಯದರಲ್ಲಿ 32.